"ಪೊಲೀಸರಿಗೆ ಹೇಳಬೇಡ ಸಿಸ್ಟರ್" ಅಂದಾಗ ಏನು ಮಾಡೋದು?

ಓದುಗರ ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು, ನರ್ಸ್. ಈಗ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿದ್ದೇನೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ಮೂರು ಗಂಟೆ ದಾರಿಯ ಒಂದು ಅಬೊರಿಜಿನಲ್ (ಇಲ್ಲಿಯ ಮೂಲನಿವಾಸಿಗಳ) ಕಮ್ಯುನಿಟಿಯ ಕ್ಲಿನಿಕ್‌ನಲ್ಲಿ ಕೆಲಸ. ಇಪ್ಪತ್ತೆಂಟರ ಆಸುಪಾಸಿನ ಒಬ್ಬ ತಾಯಿ ಎರಡು ತಿಂಗಳಲ್ಲಿ ಮೂರನೇ ಸಲ ಗಾಯದೊಂದಿಗೆ ಬಂದಳು. ಮೊದಲೆರಡು ಸಲ "ಬಿದ್ದೆ" ಅಂದಿದ್ದಳು. ಈ ಸಲ ದನಿ ಒಡೆದಿತ್ತು, ಕತ್ತಿನ ಮೇಲೆ ಗುರುತುಗಳಿದ್ದವು. ಗಂಡ ಅಂತ ಒಪ್ಪಿಕೊಂಡಳು. ಆದರೆ "ಪೊಲೀಸರಿಗೆ ಹೇಳಬೇಡ ಸಿಸ್ಟರ್" ಅಂತ ಕೈ ಹಿಡಿದುಕೊಂಡಳು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು "ಅವರ ಕಲ್ಚರೇ ಹಾಗೆ, ಕುಡಿತ ಬೇರೆ, ತಲೆ ಕೆಡಿಸಿಕೊಳ್ಳಬೇಡ" ಅನ್ನುತ್ತಾರೆ. ಇಲ್ಲಿಯ ಕಾನೂನಿನಂತೆ ಹೇಳಲೇಬೇಕಂತೆ. ಹೇಳಿದರೆ ಅವಳು ಮತ್ತೆ ಕ್ಲಿನಿಕ್‌ಗೆ ಕಾಲಿಡೋದಿಲ್ಲ ಅನ್ನೋ ಭಯ. ಹೇಳದಿದ್ದರೆ ನನ್ನ ರಿಜಿಸ್ಟ್ರೇಶನ್, ವೀಸಾ ಏನಾಗುತ್ತೋ ಅನ್ನೋ ಭಯ. ಅವಳು ಯಾಕೆ ಅವನನ್ನು ಬಿಟ್ಟು ಹೋಗೋದಿಲ್ಲ? ಹೊರಗಿನವಳಾದ ನಾನು ಏನಾದರೂ ಮಾಡಬಹುದಾ?

ಉತ್ತರ:

ನಿಮ್ಮ ಪತ್ರದಲ್ಲಿ ನಾನು ಮೊದಲು ನಿಂತದ್ದು ಕತ್ತಿನ ಗುರುತಿನ ಹತ್ತಿರ. ಕಾನೂನು, ಕಲ್ಚರ್ ಎಲ್ಲ ಆಮೇಲೆ ಮಾತಾಡೋಣ.

ಕತ್ತು ಹಿಸುಕುವುದು ಬೇರೆ ಹೊಡೆತಗಳ ಹಾಗಲ್ಲ. ಹೊರಗೆ ಒಂದು ಗೀರು ಕೂಡ ಇಲ್ಲದೆ ಒಳಗೆ ರಕ್ತನಾಳ ಹರಿದಿರಬಹುದು. ದನಿ ಒಡೆಯುವುದು, ನುಂಗಲು ಕಷ್ಟ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ನಡುವೆ ಏನಾಯಿತು ಅಂತ ನೆನಪಿಲ್ಲದಿರುವುದು, ಮೂತ್ರ ಹೋಗಿಬಿಟ್ಟಿರುವುದು, ಇವೆಲ್ಲ ಅಪಾಯದ ಗುರುತುಗಳು. ಕೆಲವು ದಿನ ಬಿಟ್ಟು ಪಾರ್ಶ್ವವಾಯು ಆದವರಿದ್ದಾರೆ. ನಾನು ಸೋಶಿಯಲ್ ವರ್ಕರ್, ಡಾಕ್ಟರ್ ಅಲ್ಲ. ಆದರೂ ಇಷ್ಟು ಹೇಳುತ್ತೇನೆ: ಅಂಥವಳು ಬಂದರೆ ಅದೇ ಹೊತ್ತಿನಲ್ಲಿ ಆನ್‌ಕಾಲ್ ಡಾಕ್ಟರಿಗೆ ಫೋನ್ ಹೋಗಬೇಕು, ಆಲಿಸ್ ಸ್ಪ್ರಿಂಗ್ಸ್‌ಗೆ ಕಳಿಸಬೇಕಾ ಅನ್ನುವುದು ಅಲ್ಲೇ ತೀರ್ಮಾನ ಆಗಬೇಕು. ಒಮ್ಮೆ ಕತ್ತಿಗೆ ಕೈ ಹಾಕಿದ ಗಂಡನಿಂದ ಮುಂದೆ ಕೊಲೆಯಾಗುವ ಸಾಧ್ಯತೆ ಹಲವು ಪಟ್ಟು ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ. ನಾರ್ದರ್ನ್ ಟೆರಿಟರಿಯಲ್ಲಿ 2020ರಲ್ಲಿ ಇದನ್ನು ಪ್ರತ್ಯೇಕ ಅಪರಾಧ ಮಾಡಿದ್ದಕ್ಕೂ ಅದೇ ಕಾರಣ.

ತಲೆಗೆ ಮತ್ತೆ ಮತ್ತೆ ಏಟು ಬಿದ್ದವರ ವಿಷಯವೂ ಹಾಗೆಯೇ. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಸಿಟ್ಟು ಬರುತ್ತದೆ. ನೋಡಿದವರು ಕುಡಿದಿದ್ದಾಳೆ ಅಂತ ಮೂಲೆಯ ಬೆಂಚಿನಲ್ಲಿ ಕೂರಿಸಿಬಿಡುತ್ತಾರೆ.

ಈಗ ಕಾನೂನು. ನೀವು ಕೇಳಿದ್ದು ನಿಜ. ನಾರ್ದರ್ನ್ ಟೆರಿಟರಿಯಲ್ಲಿ 2009ರಿಂದ, ನರ್ಸ್ ಅಂತ ಮಾತ್ರವಲ್ಲ, 18 ದಾಟಿದ ಪ್ರತಿಯೊಬ್ಬರೂ ಮನೆಯೊಳಗಿನ ಹಿಂಸೆಯಿಂದ ಗಂಭೀರ ದೈಹಿಕ ಹಾನಿ ಆಗಿದೆ ಅಥವಾ ಆಗಬಹುದು ಅಂತ ನಂಬಲು ಕಾರಣವಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಜೀವಕ್ಕೆ ತಕ್ಷಣದ ಅಪಾಯ ಇದ್ದರೂ ಅಷ್ಟೇ. ಎಲ್ಲ ಜಗಳ, ಎಲ್ಲ ತರಚು ಗಾಯ ಇದರಲ್ಲಿ ಬರೋದಿಲ್ಲ. ಆದರೆ ಕತ್ತು ಹಿಸುಕಿದ್ದು ಬರುತ್ತದೆ ಅಂತಲೇ ನನ್ನ ತಿಳುವಳಿಕೆ. ಮೊದಲು ಅವಳನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ ಆಮೇಲೆ ತಿಳಿಸುವುದಕ್ಕೆ ಅವಕಾಶ ಇದೆ. ಬೇರೊಬ್ಬರು ಆಗಲೇ ತಿಳಿಸಿದ್ದರೆ ಅದೂ ನಡೆಯುತ್ತದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ, ವೃತ್ತಿಯ ಗೌಪ್ಯತೆ ಮುರಿದರು ಅಂತಲೂ ಹೇಳುವಂತಿಲ್ಲ. ಹಾಗಾಗಿ ತಿಳಿಸಿದ್ದಕ್ಕಾಗಿ ವೀಸಾಕ್ಕೆ ಏನಾಗುತ್ತೋ ಅನ್ನುವ ಯೋಚನೆ ಬಿಡಿ. ತಿಳಿಸದೇ ಇದ್ದರೇ ತೊಂದರೆ.

ನಿಮ್ಮ ಕಷ್ಟ ಇರುವುದು ಅವಳ ನಂಬಿಕೆಯ ವಿಷಯದಲ್ಲಿ, ಅಲ್ವಾ? ನಾನು ನೋಡಿದ ಮಟ್ಟಿಗೆ ಹೆಂಗಸರು ದೂರವಾಗುವುದು ಪೊಲೀಸರಿಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ಬೆನ್ನ ಹಿಂದೆ ಹೇಳಿದ್ದಕ್ಕೆ. "ಬಿದ್ದೆ" ಅಂದವಳ ಬಾಯಿ ಬಿಡಿಸುವುದಕ್ಕೆ ಮೊದಲೇ ಹೇಳಿಬಿಡಿ: "ತುಂಬಾ ಪೆಟ್ಟಾಗಿದ್ದರೆ ನಾನು ಪೊಲೀಸರಿಗೆ ತಿಳಿಸಬೇಕಾಗುತ್ತದೆ, ಇದು ಇಲ್ಲಿ ಎಲ್ಲರಿಗೂ ಇರುವ ಕಾನೂನು." ಆಗ ಎಷ್ಟು ಹೇಳಬೇಕು ಅನ್ನುವುದು ಅವಳ ಕೈಯಲ್ಲಿರುತ್ತದೆ. ಈ ಕೇಸಿನಲ್ಲಿ ಆ ಹೊತ್ತು ದಾಟಿದೆ. ಈಗಲೂ ಅವಳನ್ನು ಕೂರಿಸಿಕೊಂಡು, ನಾನು ಇಂಥವರಿಗೆ, ಇಂಥ ಮಾತು ಹೇಳುತ್ತೇನೆ ಅಂತ ತಿಳಿಸಿ. ಪೊಲೀಸರು ಬರುವಾಗ ನೀನು ಎಲ್ಲಿರಬೇಕು, ಮಕ್ಕಳು ಎಲ್ಲಿರಬೇಕು ಅಂತ ಅವಳನ್ನೇ ಕೇಳಿ. ಎಷ್ಟು ಗಂಟೆಗೆ ಫೋನ್ ಮಾಡಬೇಕು ಅನ್ನುವುದರಲ್ಲೂ ಅವಳ ಮಾತು ಕೇಳಿ. ಅವನು ಊರಲ್ಲೇ ಇದ್ದಾನಾ, ಊರಾಚೆ ಹೋಗಿದ್ದಾನಾ ಅನ್ನುವುದು ಅವಳಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

"ಅವರ ಕಲ್ಚರೇ ಹಾಗೆ" ಅನ್ನುವ ಮಾತಿಗೆ ಬರೋಣ. ಈ ಮಾತು ಕೇಳಿದಾಗೆಲ್ಲ ನನಗೆ ನಮ್ಮದೇ ಅಂಕಿ ನೆನಪಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಇಡೀ ದೇಶದಲ್ಲಿ ಅದೇ ಹೆಚ್ಚು. ಅದನ್ನು ಯಾರಾದರೂ "ಕನ್ನಡ ಸಂಸ್ಕೃತಿ" ಅಂದರೆ ನಾವು ಸುಮ್ನೆ ಇರುತ್ತೇವಾ?

ಅಬೊರಿಜಿನಲ್ ಸಮಾಜದಲ್ಲಿ ಹಿಂದೆ ಜಗಳ, ಶಿಕ್ಷೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು. ಆದರೆ ಯಾರು, ಯಾರ ಮುಂದೆ, ಎಷ್ಟು ಅನ್ನುವುದಕ್ಕೆ ಬಳಗದ ಲೆಕ್ಕ ಇತ್ತು, ತಡೆಯುವ ಹಿರಿಯರಿದ್ದರು. ರಾತ್ರಿ ಮನೆಯೊಳಗೆ ಹೆಂಡತಿಯ ಕತ್ತು ಹಿಸುಕುವುದನ್ನು ಯಾವ ಹಿರಿಯಳೂ ನಮ್ಮ ಕಟ್ಟಳೆ ಅಂತ ಒಪ್ಪೋದಿಲ್ಲ. ಕೋರ್ಟಿನಲ್ಲಿ ಹಾಗೆ ವಾದಿಸಿದ ಗಂಡಸರ ವಿರುದ್ಧ ಮೊದಲು ಸಿಟ್ಟಾದವರು ಅದೇ ಸಮುದಾಯದ ಹೆಂಗಸರು. ಇನ್ನೊಂದು ವಿಷಯ ಮರೆತುಹೋಗುತ್ತದೆ. ಅಬೊರಿಜಿನಲ್ ಹೆಂಗಸರಿಗೆ ಹೊಡೆಯುವವರೆಲ್ಲ ಅಬೊರಿಜಿನಲ್ ಗಂಡಸರಲ್ಲ. ಪಟ್ಟಣಗಳಲ್ಲಿ ಎಷ್ಟೋ ಜನರ ಸಂಗಾತಿ ಬಿಳಿಯರು, ಬೇರೆ ದೇಶದವರು.

ಹಾಗಂತ ಸಮಸ್ಯೆ ಸಣ್ಣದು ಅಂತಲ್ಲ. ಸರ್ಕಾರದ ಆಸ್ಪತ್ರೆ ಲೆಕ್ಕದಂತೆ, ಮನೆಯವರ ಹಿಂಸೆಯಿಂದ ಆಸ್ಪತ್ರೆ ಸೇರುವ ಅಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೇಟ್ ದ್ವೀಪದ ಮಹಿಳೆಯರ ಪ್ರಮಾಣ ಉಳಿದ ಆಸ್ಟ್ರೇಲಿಯನ್ ಮಹಿಳೆಯರದಕ್ಕಿಂತ 30 ಪಟ್ಟಿಗೂ ಹೆಚ್ಚು. 2024ರ ನವೆಂಬರಿನಲ್ಲಿ ಟೆರಿಟರಿಯ ಕೊರೊನರ್ (ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ) ಎಲಿಜಬೆತ್ ಆರ್ಮಿಟೇಜ್ ನಾಲ್ವರು ಅಬೊರಿಜಿನಲ್ ಮಹಿಳೆಯರ ಕೊಲೆಗಳ ವಿಚಾರಣೆ ಮುಗಿಸಿ 35 ಶಿಫಾರಸು ಕೊಟ್ಟರು. ಪುರಸೊತ್ತಿದ್ದಾಗ ಆ ವರದಿ ಓದಿ. ಸಹಾಯ ಎಲ್ಲೆಲ್ಲಿ ಕೈತಪ್ಪಿತು ಅನ್ನುವುದು ಕಾಣುತ್ತದೆ.

ಕುಡಿತದ ಬಗ್ಗೆ ನಿಮ್ಮ ಸಹೋದ್ಯೋಗಿ ಅರ್ಧ ಸರಿ. ಒಂದು ತೊಟ್ಟೂ ಕುಡಿಯದವರ ಪ್ರಮಾಣ ಅಬೊರಿಜಿನಲ್ ಜನರಲ್ಲಿ ಉಳಿದ ಆಸ್ಟ್ರೇಲಿಯನ್ನರಿಗಿಂತ ಜಾಸ್ತಿ. ಆದರೆ ಕುಡಿಯುವವರು ಮಿತಿ ಮೀರಿ ಕುಡಿಯುತ್ತಾರೆ. ಕುಡಿತದಿಂದ ಹೊಡೆತ ಜೋರಾಗುತ್ತದೆ, ಕೊಲೆಯವರೆಗೂ ಹೋಗುತ್ತದೆ. ಆದರೆ ಹೊಡೆಯುವ ಹಕ್ಕು ತನಗಿದೆ ಅನ್ನುವ ನಂಬಿಕೆ ಬಾಟಲಿಯಿಂದ ಬರುವುದಿಲ್ಲ. ಅನುಮಾನ, ಫೋನ್ ಕಸಿದುಕೊಳ್ಳುವುದು, ಅವಳ ಬ್ಯಾಂಕ್ ಕಾರ್ಡು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುವುದು, ಇವೆಲ್ಲ ಬೆಳಗ್ಗೆ ಹೊಟ್ಟೆಗೆ ಏನೂ ಬಿದ್ದಿಲ್ಲದಾಗಲೂ ನಡೆಯುತ್ತವೆ.

ಆದರೂ ಹೆಂಡದ ಅಂಗಡಿ ಕಟ್ಟುಪಾಡಿನಿಂದ ಉಪಯೋಗ ಇಲ್ಲ ಅನ್ನುವವರ ಜೊತೆ ನಾನು ಸೇರುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ಕ್ರಾಸಿಂಗ್‌ನಲ್ಲಿ 2007ರಲ್ಲಿ ಜೂನ್ ಆಸ್ಕರ್, ಎಮಿಲಿ ಕಾರ್ಟರ್ ಮುಂತಾದ ಸ್ಥಳೀಯ ಹೆಂಗಸರೇ ಮುಂದೆ ನಿಂತು ಕಡಕ್ ಮದ್ಯದ ಪಾರ್ಸೆಲ್ ಮಾರಾಟ ನಿಲ್ಲಿಸಿದರು. ಊರಿನ ಎಷ್ಟೋ ಜನ ಅವರ ಮೇಲೆ ತಿರುಗಿಬಿದ್ದರು. ಆಸ್ಪತ್ರೆಗೆ ಬರುವ ಗಾಯಗಳು ಕಡಿಮೆಯಾದವು. ಕೆಲವರು ಪಕ್ಕದ ಊರುಗಳಿಗೆ ಹೋಗಿ ಕುಡಿಯತೊಡಗಿದ್ದೂ ನಿಜ. ಅದೇ ವರ್ಷ ಟೆರಿಟರಿಯಲ್ಲಿ ಕೇಂದ್ರ ಸರ್ಕಾರ ಜನರನ್ನು ಕೇಳದೆ ಸೈನಿಕರನ್ನು ಇಳಿಸಿತು, ಜನಾಂಗ ತಾರತಮ್ಯ ವಿರೋಧಿ ಕಾನೂನನ್ನೇ ಬದಿಗಿಟ್ಟಿತು, ಸವಲತ್ತಿನ ಹಣವನ್ನು ಹೇಗೆ ಖರ್ಚು ಮಾಡಬೇಕು ಅಂತಲೂ ತಾನೇ ಹೇಳಿತು. ಇಂಟರ್‌ವೆನ್ಷನ್ ಅಂತ ನೀವು ಅಲ್ಲಿ ಕೇಳಿರುತ್ತೀರಿ. ಹದಿನೈದು ವರ್ಷ ಕಳೆದ ಮೇಲೆ, 2022ರ ಜುಲೈಯಲ್ಲಿ, ಮದ್ಯದ ನಿರ್ಬಂಧಗಳು ಬದಲಿ ವ್ಯವಸ್ಥೆಯೇ ಇಲ್ಲದೆ ಕೊನೆಯಾದವು. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಕುಡಿತ, ಹಿಂಸೆ ಜೋರಾಯಿತು. 2023ರ ಫೆಬ್ರವರಿಯಲ್ಲಿ ಮತ್ತೆ ಹಾಕಿದರು. ಮದ್ಯದ ಲೆಕ್ಕವನ್ನು ಊರಿನ ಹೆಂಗಸರು ಹಿಡಿದಾಗ ಒಂದು ಥರ, ಕ್ಯಾನ್‌ಬೆರಾದ ಕೇಂದ್ರ ಸರ್ಕಾರ ಹಿಡಿದಾಗ ಇನ್ನೊಂದು ಥರ.

ಇಷ್ಟು ಹಿಂಸೆ ಎಲ್ಲಿಂದ ಬಂತು? ಒಂದೇ ಬೇರು ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಬೇರೆ ಬೇರೆ ಭಾಷೆಯ ಜನರನ್ನು ಅವರವರ ನೆಲದಿಂದ ಎಬ್ಬಿಸಿ ಮಿಷನ್‌ಗಳಲ್ಲಿ, ಸೆಟ್ಲ್‌ಮೆಂಟುಗಳಲ್ಲಿ ಒಟ್ಟಿಗೆ ತುಂಬಿದರು. ದನದ ಫಾರ್ಮ್‌ಗಳಲ್ಲಿ ಹೊಟ್ಟೆಪಾಡಿಗೆ ದುಡಿಸಿಕೊಂಡರು. 1960ರ ದಶಕದ ಕೊನೆಗೆ ಸಮಾನ ಕೂಲಿ ಕೊಡಬೇಕು ಅಂತಾದಾಗ ಮಾಲೀಕರು ಸಾವಿರಾರು ಜನರನ್ನು ಹೊರಗೆ ಹಾಕಿದರು. ಅವರು ಬಂದು ನಿಂತದ್ದು ಪಟ್ಟಣದ ಅಂಚಿನಲ್ಲಿ. ಇದೆಲ್ಲದರ ಜೊತೆ, 1910ರಿಂದ 1970ರವರೆಗೆ ಸರ್ಕಾರದವರು ಅಬೊರಿಜಿನಲ್ ಮಕ್ಕಳನ್ನು ಅಮ್ಮಂದಿರ ಮಡಿಲಿನಿಂದ ಕಿತ್ತುಕೊಂಡು ಹೋದರು. 1997ರ ವಿಚಾರಣಾ ವರದಿಯ ಅಂದಾಜು, ಹತ್ತು ಮಕ್ಕಳಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಹೀಗೆ ಹೋದರು ಅಂತ. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದರು. ಅಪ್ಪ ಅಮ್ಮ ಹೇಗಿರುತ್ತಾರೆ ಅಂತ ನೋಡದೆ, ಸಂಸ್ಥೆಗಳಲ್ಲಿ ಏಟು ತಿಂದು ಬೆಳೆದವರು ಮುಂದೆ ತಾವೇ ಅಪ್ಪ ಅಮ್ಮ ಆದರು. ಇದು ಹೊಡೆಯುವವನಿಗೆ ಮಾಫಿ ಅಲ್ಲ. ಅದೇ ನೋವು ಉಂಡು ಒಂದು ಏಟೂ ಹೊಡೆಯದ ಗಂಡಸರು ಅದೇ ಬೀದಿಯಲ್ಲಿದ್ದಾರೆ. ಅವರಲ್ಲಿ ಕೆಲವರು ನಿಮ್ಮ ಕ್ಲಿನಿಕ್‌ನ ಡ್ರೈವರ್ ಆಗಿರಬಹುದು.

ಈ ಚರಿತ್ರೆ ನಿಮ್ಮ ಮುಂದೆ ಕುಳಿತ ಹೆಂಗಸಿನ ಬಾಯಲ್ಲಿ "ಪೊಲೀಸರಿಗೆ ಹೇಳಬೇಡ" ಅನ್ನುವ ಮಾತಾಗಿ ಬರುತ್ತದೆ. ಆ ಮಾತನ್ನು ಹೆದರಿಕೆ ಅಂತಷ್ಟೇ ಓದಬೇಡಿ. ಅವಳು ಲೆಕ್ಕ ಹಾಕಿದ್ದಾಳೆ. ನಾವು ಸಹಾಯ ಅಂತ ಕರೆಯುವ ಪ್ರತಿಯೊಂದಕ್ಕೂ ಅವಳ ಕಡೆ ಒಂದು ಬೆಲೆ ಇದೆ.

ಪೊಲೀಸರ ವಿಷಯವನ್ನೇ ತಗೊಳ್ಳಿ. 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸೌತ್ ಹೆಡ್‌ಲ್ಯಾಂಡ್‌ನಲ್ಲಿ 22 ವರ್ಷದ ಒಬ್ಬಳಿದ್ದ ಮನೆಗೆ ಸಂಗಾತಿಯ ಹಿಂಸೆಯ ವಿಷಯವಾಗಿ ಪೊಲೀಸರು ಬಂದರು. ಕಟ್ಟದ ದಂಡದ ಬಾಕಿ ಇದೆ ಅಂತ ಅವಳನ್ನೂ ಬಂಧಿಸಿದರು. ಸಂಗಾತಿಯ ಏಟಿನಿಂದ ಮುರಿದ ಪಕ್ಕೆಲುಬಿಗೆ ಸೋಂಕು ತಗುಲಿತ್ತು. ನೋವು ಅಂತ ಅತ್ತರೆ ನಾಟಕ ಅಂದರು. ಕಸ್ಟಡಿಯಲ್ಲೇ ತೀರಿಕೊಂಡಳು. ಕುಟುಂಬದವರ ಕೋರಿಕೆಯಂತೆ ಅವಳನ್ನು ಮಿಸ್ ಧು ಅಂತಷ್ಟೇ ಕರೆಯುತ್ತಾರೆ. ತೀರಿಕೊಂಡವರ ಹೆಸರು ಹೇಳಬಾರದು ಅನ್ನುವ ರೂಢಿ ನಿಮ್ಮ ಕಮ್ಯುನಿಟಿಯಲ್ಲೂ ಇರುತ್ತದೆ, ನೆನಪಿರಲಿ. ದಂಡದ ಬಾಕಿಗೆ ಜೈಲಿಗೆ ಕಳಿಸುವ ಕಾನೂನನ್ನು ಅಲ್ಲಿ ಸಡಿಲಿಸಿದ್ದು 2020ರಲ್ಲಿ. ಇದು ಎಲ್ಲೋ ಒಂದು ಕಡೆ ಆದ ತಪ್ಪು ಅನ್ನಬೇಡಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೌಟುಂಬಿಕ ಹಿಂಸೆಯ ಸಾವುಗಳನ್ನು ಪರಿಶೀಲಿಸುವ ಮಂಡಳಿ 2016-17ರ ವರದಿಯಲ್ಲಿ ಒಂದು ಸಂಗತಿ ಬರೆಯಿತು. ಅದು ನೋಡಿದ ಕೇಸುಗಳಲ್ಲಿ ಸತ್ತ ಅಬೊರಿಜಿನಲ್ ಹೆಂಗಸರ ಪೈಕಿ ಹೆಚ್ಚೂಕಡಿಮೆ ಎಲ್ಲರನ್ನೂ ಪೊಲೀಸರು ಅಥವಾ ಕೋರ್ಟು ಒಮ್ಮೆಯಾದರೂ ಹಿಂಸೆ ಮಾಡಿದವಳು ಅಂತ ದಾಖಲಿಸಿತ್ತು. ತಿರುಗಿ ಹೊಡೆದವಳು, ಕೂಗಾಡಿದವಳು, ಪೊಲೀಸರಿಗೆ ನೆಟ್ಟಗೆ ಉತ್ತರ ಕೊಡದವಳು ಆರೋಪಿಯಾಗಿಬಿಡುತ್ತಾಳೆ.

ಆಮೇಲೆ ಮಕ್ಕಳು. ಮಕ್ಕಳು ಮನೆಯಲ್ಲಿ ಹಿಂಸೆ ನೋಡಿದರೆ ಅದನ್ನೂ ತಿಳಿಸಬೇಕು ಅನ್ನುತ್ತದೆ ಟೆರಿಟರಿಯ ಇನ್ನೊಂದು ಕಾನೂನು. ಇಂದಿಗೂ ಅಬೊರಿಜಿನಲ್ ಮಕ್ಕಳು ಸರ್ಕಾರದ ಪಾಲನೆಗೆ ಹೋಗುವ ಪ್ರಮಾಣ ಬೇರೆ ಮಕ್ಕಳ ಸುಮಾರು ಹತ್ತು ಪಟ್ಟು. ಅವಳ ಅಜ್ಜಿಯನ್ನೇ ಚಿಕ್ಕಂದಿನಲ್ಲಿ ಹಾಗೆ ಎತ್ತಿಕೊಂಡು ಹೋಗಿದ್ದರೆ? "ಫೋನ್ ಮಾಡಿದರೆ ಮಗು ಹೋಗುತ್ತೆ" ಅನ್ನುವುದು ಅವಳಿಗೆ ಊಹೆಯಲ್ಲ.

ಬಿಟ್ಟು ಹೋಗುವುದಾದರೂ ಎಲ್ಲಿಗೆ? ಟೆರಿಟರಿಯಲ್ಲಿ ನೆಲೆಯಿಲ್ಲದವರ ಪ್ರಮಾಣ ದೇಶದ ಸರಾಸರಿಯ ಸುಮಾರು 12 ಪಟ್ಟು. ಒಂದೊಂದು ಮನೆಯಲ್ಲಿ ಮೂರು ಕುಟುಂಬ. ಅವನ ಅಕ್ಕತಂಗಿಯರು ಅದೇ ಬೀದಿಯಲ್ಲಿ. ಅವನು ಜೈಲಿಗೆ ಹೋದರೆ ಅವನ ಕಡೆಯವರು ಇವಳನ್ನೇ ದೂರುತ್ತಾರೆ, ಎರಡು ಬಳಗಗಳ ನಡುವೆ ಹೊಡೆದಾಟವೇ ಆಗಬಹುದು. ಅವಳ ನೆಲ, ಭಾಷೆ, ಸಾವಿನ ವಿಧಿಗಳು, ಕಾಯಿಲೆ ಬಿದ್ದ ಅಮ್ಮ ಎಲ್ಲ ಅಲ್ಲೇ. ಎಲ್ಲಕ್ಕಿಂತ ಮುಖ್ಯವಾದ ಮಾತು: ಬಿಡಲು ಹೊರಟ ದಿನಗಳೇ ಅತ್ಯಂತ ಅಪಾಯದ ದಿನಗಳು. ತಯಾರಿ ಇಲ್ಲದೆ "ಬಿಟ್ಟು ಬಾ" ಅನ್ನುವುದು ಅವಳಿಗೆ ಉಪಕಾರವಲ್ಲ.

ಹಾಗಾದರೆ ದಾರಿಗಳೇನು? ಪೂರ್ತಿ ಸುರಕ್ಷಿತವಾದ ದಾರಿ ಒಂದೂ ಇಲ್ಲ.

ಡಿವಿಓ, ಅಂದರೆ ಕೌಟುಂಬಿಕ ಹಿಂಸೆ ತಡೆ ಆದೇಶ, ಒಂದೇ ಬಗೆಯದಲ್ಲ. ಅವನು ಹತ್ತಿರವೇ ಸುಳಿಯಬಾರದು ಅನ್ನುವ ಆದೇಶವೂ ಇದೆ. ಜೊತೆಗಿರಬಹುದು ಆದರೆ ಹೊಡೆಯಬಾರದು, ಕುಡಿದು ಹತ್ತಿರ ಬರಬಾರದು ಅನ್ನುವ ಆದೇಶವೂ ಇದೆ. "ಅವನು ಬೇಕು, ಹೊಡೆತ ಬೇಡ" ಅನ್ನುವ ಹೆಂಗಸರು ತುಂಬಾ ಜನ. ಅವರಿಗೆ ಎರಡನೆಯದು ಕೆಲಸಕ್ಕೆ ಬರುತ್ತದೆ. ಆದರೆ ಪೊಲೀಸ್ ಠಾಣೆ ನೂರು ಕಿಲೋಮೀಟರ್ ದೂರದಲ್ಲಿದ್ದರೆ ಆದೇಶ ಬರೀ ಕಾಗದ. ಕತ್ತು ಹಿಸುಕಿದವನ ವಿಷಯದಲ್ಲಿ ಮೆತ್ತನೆಯ ಆದೇಶ ಸಾಕು ಅಂತ ನನಗೆ ಅನ್ನಿಸುವುದಿಲ್ಲ. 2017ರ ನವೆಂಬರಿನಿಂದ ಒಂದು ರಾಜ್ಯದ ಆದೇಶ ದೇಶದ ಎಲ್ಲ ಕಡೆ ನಡೆಯುತ್ತದೆ. ಮೂರು ರಾಜ್ಯಗಳ ಗಡಿ ಸೇರುವ ನಿಮ್ಮ ಕಡೆ ಇದು ದೊಡ್ಡ ಅನುಕೂಲ. ಕಾಗದಪತ್ರಕ್ಕೆ ಅಬೊರಿಜಿನಲ್ ಕೌಟುಂಬಿಕ ಹಿಂಸೆಯ ಕಾನೂನು ನೆರವು ಸಂಸ್ಥೆಗಳಿವೆ. ಗಂಡನ ವಕೀಲರೂ ಅದೇ ಕಚೇರಿಯವರಾಗುವ ತಾಪತ್ರಯ ಅಲ್ಲಿಲ್ಲ.

ಆಲಿಸ್ ಸ್ಪ್ರಿಂಗ್ಸ್‌ನ ಶೆಲ್ಟರ್‌ಗೆ (ಹೆಂಗಸರ ಆಶ್ರಯ ಮನೆಗೆ) ಹೋದರೆ ಉಸಿರು ಬಿಡಲು ಕೆಲವು ದಿನ ಸಿಗುತ್ತದೆ. ಆದರೆ ಪಟ್ಟಣದಲ್ಲಿ ಸಿಕ್ಕಿಹಾಕಿಕೊಂಡರೆ ವಾಪಸ್ ಬರುವ ಬಸ್ಸಿಗೂ ಯಾರನ್ನೋ ಬೇಡಬೇಕು, ಪಟ್ಟಣದ ಕುಡಿತದ ಗುಂಪು ಬೇರೆ. ಕಳಿಸುವ ಮೊದಲೇ ವಾಪಸ್ ಪ್ರಯಾಣ ಹೇಗೆ ಅಂತ ಕೇಳಿ. ಇನ್ನು ಸ್ವಂತ ಊರಲ್ಲೇ ಉಳಿಯುತ್ತೇನೆ ಅಂದರೆ ಅದೂ ಒಂದು ಯೋಜನೆಯೇ. ಯಾವ ಅಜ್ಜಿಯ ಮನೆಗೆ ಅವನು ನುಗ್ಗಲು ಹೆದರುತ್ತಾನೆ? ರಾತ್ರಿ ಗಸ್ತಿನ ಗಾಡಿಯಲ್ಲಿ ಯಾರಿರುತ್ತಾರೆ? ಈ ರಾತ್ರಿ ಗಸ್ತು ಟೆನೆಂಟ್ ಕ್ರೀಕ್‌ನಲ್ಲಿ 1980ರ ದಶಕದಲ್ಲಿ ಅಬೊರಿಜಿನಲ್ ಜನರೇ ಶುರುಮಾಡಿದ್ದು. ಲಾಠಿ ಇಲ್ಲ, ಬಂಧನ ಇಲ್ಲ. ಬಳಗದ ಸಲಿಗೆಯಿಂದ ಬೈದು, ಗಾಡಿ ಹತ್ತಿಸಿ, ಜಗಳ ಬಿಡಿಸುತ್ತಾರೆ.

ನಿಮ್ಮ ಸೀಮೆಯಲ್ಲಿ ಮೊದಲು ಫೋನ್ ಹೋಗಬೇಕಾದ್ದು ಬಹುಶಃ ಎನ್‌ಪಿವೈ ವುಮೆನ್ಸ್ ಕೌನ್ಸಿಲ್‌ಗೆ. 1980ರಲ್ಲಿ ಮರುಭೂಮಿಯ ಹೆಂಗಸರು ಕಟ್ಟಿದ ಸಂಸ್ಥೆ. ಕೌಟುಂಬಿಕ ಹಿಂಸೆಯ ಕೆಲಸ 1990ರ ದಶಕದಿಂದ ನಡೆದಿದೆ. ನಿಮ್ಮ ಕಮ್ಯುನಿಟಿ ಅವರ ಮೂರು ರಾಜ್ಯಗಳ ವ್ಯಾಪ್ತಿಗೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಅವರೇ ಹೇಳುತ್ತಾರೆ. ಆಲಿಸ್ ಸ್ಪ್ರಿಂಗ್ಸ್‌ನ ಟೌನ್ ಕ್ಯಾಂಪ್‌ಗಳಲ್ಲಿ, ಅಂದರೆ ಪಟ್ಟಣದ ಅಬೊರಿಜಿನಲ್ ಕೇರಿಗಳಲ್ಲಿ, ಟ್ಯಾಂಜೆಂಟೈರ್ ಕೌನ್ಸಿಲ್‌ನ ಹೆಂಗಸರ ಗುಂಪು ಇದೆ. ಗಂಡಸರ ನಡತೆ ತಿದ್ದುವ ಕಾರ್ಯಕ್ರಮವೂ ಅವರದೇ. ಅಪಾಯ ತುಂಬಾ ಇದೆ ಅನ್ನಿಸಿದರೆ, ಪೊಲೀಸರು, ಆರೋಗ್ಯ, ಶೆಲ್ಟರ್ ಎಲ್ಲ ಒಟ್ಟಿಗೆ ಕೂರುವ ಫ್ಯಾಮಿಲಿ ಸೇಫ್ಟಿ ಫ್ರೇಮ್‌ವರ್ಕ್ ಸಭೆಗೆ ಅವಳ ಕೇಸನ್ನು ಕಳಿಸಲು ನಿಮ್ಮ ಮ್ಯಾನೇಜರ್‌ಗೆ ಹೇಳಿ. ಮೂರು ಭೇಟಿ, ಒಂದು ಕತ್ತಿನ ಗಾಯ. ಕಳಿಸಲು ಇಷ್ಟು ಸಾಕು.

ಗಂಡಸರನ್ನು ಜೈಲಿಗೆ ಹಾಕಿದರೆ ಮುಗೀತಾ ಅಂತಲೂ ಕೇಳುತ್ತಾರೆ. ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ ಶೇ 4ರಷ್ಟೂ ಇಲ್ಲದ ಮೂಲನಿವಾಸಿ ಜನ ಜೈಲಿನಲ್ಲಿ ಮೂರನೇ ಒಂದು ಭಾಗ ಇದ್ದಾರೆ. ಜೈಲು ಆ ಕೆಲವು ತಿಂಗಳು ಅವಳ ಜೀವ ಉಳಿಸಬಹುದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಒಳಗೆ ಏನೂ ಕಲಿಸದಿದ್ದರೆ ಬಿಡುಗಡೆಯ ವಾರ ಮತ್ತೆ ಅಪಾಯದ ವಾರ. ನ್ಯೂ ಸೌತ್ ವೇಲ್ಸ್‌ನ ಬರ್ಕ್‌ನಲ್ಲಿ ಮರಂಗೂಕ ಅನ್ನುವ ಪ್ರಯತ್ನದಲ್ಲಿ ಊರಿನ ಅಬೊರಿಜಿನಲ್ ಹಿರಿಯರೇ ಮುಂದಾಳುಗಳು. ಪೊಲೀಸರೂ ಅವರ ಜೊತೆ ಸೇರಿ ಹಿಂಸೆ ನಡೆದ ಮನೆಗಳಿಗೆ ಮತ್ತೆ ಮತ್ತೆ ಹೋಗಿ ವಿಚಾರಿಸುತ್ತಿದ್ದರು. ಪೊಲೀಸ್ ದಾಖಲೆಯ ಕೌಟುಂಬಿಕ ಹಿಂಸೆ ಶೇ 23ರಷ್ಟು ಇಳಿಯಿತು ಅಂತ 2018ರಲ್ಲಿ ಕೆಪಿಎಂಜಿ ಅನ್ನುವ ಲೆಕ್ಕಪರಿಶೋಧನಾ ಸಂಸ್ಥೆಯ ಪರಿಶೀಲನೆ ಹೇಳಿತು. ಒಂದು ಸಣ್ಣ ಊರಿನ, ಸ್ವಲ್ಪ ಕಾಲದ ಲೆಕ್ಕ ಅನ್ನುವುದು ನನಗೆ ಗೊತ್ತು. ಆದರೂ ಹಿಡಿದುಕೊಳ್ಳುವಂಥ ಲೆಕ್ಕ.

ಇನ್ನು ಕ್ಲಿನಿಕ್ ಕೋಣೆಯೊಳಗೆ. ಅವಳು ಉತ್ತರ ಕೊಡದಿದ್ದರೆ ಮೊದಲು ಕಿವಿ ಕೇಳಿಸುತ್ತಾ ನೋಡಿ. ಚಿಕ್ಕಂದಿನ ಕಿವಿ ಸೋರುವ ಕಾಯಿಲೆಯಿಂದ ಅಲ್ಲಿ ಎಷ್ಟೋ ಜನರಿಗೆ ಕಿವಿ ಮಂದ. ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಮೇಲೆ ಪ್ರಶ್ನೆ ಕೇಳಬೇಡಿ. ಪಕ್ಕದಲ್ಲಿ ಕೂತು, ಕೆಲಸ ಮಾಡುತ್ತಾ ಮಾತಾಡಿ. ಇಂಗ್ಲಿಷ್ ಅವಳಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ ಇರಬಹುದು, ನಿಮ್ಮ ಹಾಗೆಯೇ. ದುಭಾಷಿ ಬೇಕಾದರೆ ಸರ್ಕಾರದ ಅಬೊರಿಜಿನಲ್ ಇಂಟರ್‌ಪ್ರೆಟರ್ ಸೇವೆಯಿಂದ ಫೋನಿನಲ್ಲಿ, ದೂರದ ಊರಿನವರನ್ನು ಕೇಳಿ. ಕ್ಲಿನಿಕ್‌ನ ಕ್ಲೀನರ್ ಅವನ ಅತ್ತಿಗೆಯೇ ಆಗಿರಬಹುದು. ಅತ್ತೆ ಅಳಿಯ ಮುಖ ನೋಡಬಾರದಂಥ ಕಟ್ಟುಗಳೂ ಇವೆ. ಕಾಯುವ ಕೋಣೆಯಲ್ಲಿ ಯಾರ ಪಕ್ಕ ಯಾರನ್ನು ಕೂರಿಸುತ್ತೀರಿ ಅನ್ನುವುದೂ ಮುಖ್ಯ. ಇದೆಲ್ಲ ನಿಮ್ಮ ಅಬೊರಿಜಿನಲ್ ಹೆಲ್ತ್ ಪ್ರಾಕ್ಟೀಷನರ್‌ಗೆ ಗೊತ್ತು. ಆದರೆ ಆಕೆಯೂ ಯಾರದೋ ಬಳಗದವಳು. ಈ ಕೇಸಿನಲ್ಲಿ ಸೇರಬೇಕಾ ಬೇಡವಾ ಅಂತ ಆಕೆಯನ್ನು ಒಬ್ಬಳೇ ಇದ್ದಾಗ ಕೇಳಿ, ಬೇಡ ಅಂದರೆ ಒತ್ತಾಯ ಮಾಡಬೇಡಿ.

ಫೈಲಿನಲ್ಲಿ ಅವಳ ಮಾತನ್ನು ಅವಳ ಮಾತಿನಲ್ಲೇ ಬರೆಯಿರಿ. "ಜಗಳದಲ್ಲಿ ಗಾಯ" ಅಂತ ಬರೆದರೆ ನಾಳೆ ಕೋರ್ಟಿನಲ್ಲಿ ಅವಳೂ ಸಮಪಾಲು ಅಂತಾಗುತ್ತದೆ. "ಗಂಡ ಎರಡು ಕೈಯಿಂದ ಕತ್ತು ಹಿಡಿದ ಅಂತ ಹೇಳಿದಳು" ಅಂತ ಬರೆದು, ಗಾಯದ ಜಾಗ, ಅಳತೆ, ದನಿಯ ಬದಲಾವಣೆ, ಸಮಯ ಎಲ್ಲ ನಮೂದಿಸಿ. ಫೋನ್ ನಂಬರ್ ಇರುವ ಚೀಟಿ ಅವಳ ಕೈಗೆ ಕೊಡಬೇಡಿ, ಅವನು ನೋಡುತ್ತಾನೆ. 1800 737 732 ದೇಶದ ಕೌಟುಂಬಿಕ ಹಿಂಸೆ ಸಹಾಯವಾಣಿ. 13 92 76ರಲ್ಲಿ ಅಬೊರಿಜಿನಲ್ ಜನರೇ ಮಾತಿಗೆ ಸಿಗುತ್ತಾರೆ. ಕ್ಲಿನಿಕ್ ಫೋನಿನಿಂದಲೇ ಮಾತಾಡಿಸಿ.

ಹೊರಗಿನವಳಾದ್ದರಿಂದ ನಿಮಗೊಂದು ಅನುಕೂಲವೂ ಇದೆ. ನೀವು ಯಾರ ಬಳಗವೂ ಅಲ್ಲ, ಹಾಗಾಗಿ ನಿಮ್ಮ ಹತ್ತಿರ ಹೇಳಿದ್ದು ಊರಲ್ಲಿ ಹಬ್ಬುವುದಿಲ್ಲ ಅಂತ ಕೆಲವರು ನಂಬುತ್ತಾರೆ. ತೊಂದರೆ ಏನೆಂದರೆ ಅಂಥ ಕ್ಲಿನಿಕ್‌ಗಳಲ್ಲಿ ನರ್ಸ್‌ಗಳು ನಿಲ್ಲುವುದಿಲ್ಲ. ಪ್ರತಿ ಹೊಸ ಮುಖಕ್ಕೂ ಆ ಹೆಂಗಸು ಕತ್ತಿನ ಕಥೆಯನ್ನು ಮೊದಲಿನಿಂದ ಹೇಳಬೇಕು. ರಾತ್ರಿ ನಿದ್ದೆ ಬರದಿದ್ದರೆ ದೂರದ ಆರೋಗ್ಯ ಸಿಬ್ಬಂದಿಗೆಂದೇ ಇರುವ ಬುಷ್ ಸಪೋರ್ಟ್ ಲೈನ್‌ಗೆ ಫೋನ್ ಮಾಡಿ, ಅದು ಉಚಿತ. ನಿಮ್ಮ ಕಾಂಟ್ರ್ಯಾಕ್ಟ್ ಮುಗಿಯುವ ಮೊದಲು, ಅಥವಾ ರಜೆಗೆ ಊರಿಗೆ ಬರುವ ಮೊದಲೇ, ಅವಳು ಒಪ್ಪಿದರೆ ಅಲ್ಲೇ ಉಳಿಯುವ ಒಬ್ಬರನ್ನು ಅವಳ ಪಕ್ಕ ಕೂರಿಸಿ ಪರಿಚಯ ಮಾಡಿಸಿ. ಅದು ಯಾರು ಅಂತ ಅವಳೇ ಆರಿಸಲಿ.